ಎಡಗೈ ಎತ್ತಿದಾಗ ನಿಂತ ಸಪ್ಪಳ

ಕಿಂಗ್ಸ್‌ಬರಿಯ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಒಂದು ಕೈ ಎದ್ದರೆ ಡಬಲ್ ಡೆಕ್ಕರ್ ಬಸ್ಸು ಕೂಡ ನಿಲ್ಲುತ್ತಿತ್ತು. ಆ ಕೈ ಪಾರ್ವತೆವ್ವನದು. ಬಲಗೈಯಲ್ಲಿ ತಮಗಿಂತ ಎತ್ತರದ ಕೋಲು, ಕೋಲಿನ ತುದಿಯಲ್ಲಿ ಊಟದ ತಟ್ಟೆಯಂಥ ದುಂಡನೆಯ ‘ಸ್ಟಾಪ್’ ಫಲಕ, ಮೈಮೇಲೆ ಕಣ್ಣು ಕುಕ್ಕುವ ಹಳದಿ ಕೋಟು, ಕೋಟಿನ ಕೆಳಗೆ ಇಳಕಲ್ ಸೀರೆಯ ಅಂಚು, ಅದರ ಕೆಳಗೆ ದಪ್ಪ ಬೂಟು. ಎಡಗೈಯನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿ ಅಂಗೈ ತೋರಿಸಿದರೆಂದರೆ ಮುಗಿಯಿತು. ಕಾರು, ವ್ಯಾನು, ಬಸ್ಸು ಎಲ್ಲವೂ ನಿಂತುಬಿಡುತ್ತಿದ್ದವು, ಮಕ್ಕಳು ಬಾತುಕೋಳಿಗಳ ಹಾಗೆ ಒಬ್ಬರ ಹಿಂದೊಬ್ಬರು ದಾಟುತ್ತಿದ್ದರು. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರನ್ನು ಇಲ್ಲಿ ಲಾಲಿಪಾಪ್ ಲೇಡಿ ಅನ್ನುತ್ತಾರೆ. ಆ ಕೋಲು ನೋಡಲು ಹಾಗೇ ಇರುತ್ತದೆ.

ನಾನು ಬೆಂಗಳೂರಿನಿಂದ ಈ ದೇಶಕ್ಕೆ ಓದಲು ಬಂದವಳು, ಅವರ ಮನೆಯ ಮೇಲಿನ ಪುಟ್ಟ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಮೊದಲ ದಿನ ‘ಆಂಟಿ’ ಎಂದಾಗ ಅವರು ಮುಖ ಸಿಂಡರಿಸಿದ್ದರು. “ಆಂಟಿ ಅಂದ್ರ ಯಾರೋ ಪರಕೀಯರು ಅನಸ್ತೈತಿ ನೋಡು. ದೊಡ್ಡವ್ವ ಅನ್ನು. ಬಾಡಿಗಿ ಅದೇ ಇರ್ತೈತಿ, ರೊಟ್ಟಿ ಒಂದು ಹೆಚ್ಚಿಗಿ ಸಿಗ್ತೈತಿ.” ಅವತ್ತಿನಿಂದ ಅವರು ನನ್ನ ದೊಡ್ಡವ್ವ, ಅವರ ಗಂಡ ವೀರಣ್ಣನವರು ದೊಡ್ಡಪ್ಪ.

ಇಬ್ಬರೂ ವಿಜಯಪುರ ಜಿಲ್ಲೆಯ ಸಿಂದಗಿಯ ಕಡೆಯವರು. ದೊಡ್ಡಪ್ಪ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ದೊಡ್ಡವ್ವನಿಗೆ ಕೆಲಸ ಸಿಕ್ಕಿದ್ದೇ ಒಂದು ಕಥೆ, ಅದನ್ನು ಅವರು ಪ್ರತಿ ಸಲ ಹೇಳುವಾಗಲೂ ನಾನು ಮೊದಲ ಸಲ ಕೇಳಿದ ಹಾಗೆ ನಕ್ಕಿದ್ದೇನೆ. ಮಗಳು ಚಿಕ್ಕವಳಿದ್ದಾಗ ಶಾಲೆಯ ಮುಂದೆ ಒಂದು ಕಾರೂ ನಿಲ್ಲುತ್ತಿರಲಿಲ್ಲವಂತೆ. ಒಂದು ದಿನ ಸಿಟ್ಟು ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ನಡುವೆ ಹೋಗಿ ಕೈ ಅಡ್ಡ ಚಾಚಿ ನಿಂತುಬಿಟ್ಟರಂತೆ. “ಊರಾಗ ಎಮ್ಮಿ ಹಿಂಡು ಬಂದ್ರ ಹಿಂಗ ನಿಂದರಸತಿದ್ವಿ. ಎಮ್ಮಿಗಿ ತಿಳೀತೈತಿ, ಡ್ರೈವರಗ ತಿಳಿಯೂದಿಲ್ಲೇನು?” ಕಾರುಗಳು ನಿಂತವು. ಶಾಲೆಯ ಹೆಡ್ ಟೀಚರ್ ಕಿಟಕಿಯಿಂದ ನೋಡಿದರು. ಮುಂದಿನ ತಿಂಗಳು ಅದೇ ಜಾಗದಲ್ಲಿ ಹಳದಿ ಕೋಟು ಹಾಕಿಕೊಂಡು ದೊಡ್ಡವ್ವ ನಿಂತಿದ್ದರು. ಆ ಮಗಳು ಈಗ ಮದುವೆಯಾಗಿ ಲೆಸ್ಟರ್‌ನಲ್ಲಿದ್ದಾಳೆ. ದೊಡ್ಡವ್ವ ಮಾತ್ರ ಅಲ್ಲೇ ನಿಂತಿದ್ದರು.

ಹೀಗೆ ಎಲ್ಲವನ್ನೂ ನಿಲ್ಲಿಸುತ್ತಿದ್ದ ಆ ಕೈ ಒಂದು ಬೆಳಿಗ್ಗೆ ಬಿದ್ದುಹೋಯಿತು.

ನಾನು ಟ್ಯೂಬ್ ರೈಲಿನ ಸ್ಟೇಷನ್ನಿಗೆ ಓಡುವ ಅವಸರದಲ್ಲಿ ಅದೇ ರಸ್ತೆಯ ಈ ಬದಿಯಲ್ಲಿದ್ದೆ. ದೊಡ್ಡವ್ವ ನಡುವೆ ನಿಂತಿದ್ದರು, ಎಡಗೈ ಚಾಚಿತ್ತು, ಬಿಳಿ ವ್ಯಾನೊಂದು ನಿಂತಿತ್ತು, ಮಕ್ಕಳು ದಾಟುತ್ತಿದ್ದರು. ಕಾಲಿನಿಂದ ತಳ್ಳುವ ಆಟದ ಸ್ಕೂಟರ್ ಹಿಡಿದು ಬರುತ್ತಿದ್ದ ಒಂದು ಪುಟ್ಟ ಹುಡುಗಿ ಮಾತ್ರ ಬಾಕಿ ಇದ್ದಳು. ಅಷ್ಟರಲ್ಲಿ ಆ ಕೈ, ಯಾರೋ ದಾರ ಕತ್ತರಿಸಿದ ಹಾಗೆ, ಸುಮ್ಮನೆ ಕೆಳಗೆ ಜೋತುಬಿತ್ತು. ಕೈ ಇಳಿಯಿತು, ಇನ್ನು ಹೋಗಬಹುದು ಅಂದುಕೊಂಡ ವ್ಯಾನಿನವನು ಮುಂದೆ ಬಿಟ್ಟ. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ. ದೊಡ್ಡವ್ವ ಕೋಲನ್ನು ಬಿಸುಟು ಬಲಗೈಯಿಂದ ಆ ಹುಡುಗಿಯ ಬ್ಯಾಗು ಹಿಡಿದು ಎಳೆದರು. ಬ್ರೇಕು ಕಿರ್ರೆಂದಿತು. ಸ್ಕೂಟರ್ ವ್ಯಾನಿನ ಚಕ್ರದ ಕೆಳಗೆ ಬಗ್ಗಿಹೋಯಿತು. ಹುಡುಗಿ ದೊಡ್ಡವ್ವನ ಸೀರೆ ಹಿಡಿದು ಅಳುತ್ತಿದ್ದಳು, ಅವಳಿಗೆ ಒಂದು ಗೀರೂ ಆಗಿರಲಿಲ್ಲ. ಆದರೆ ದೊಡ್ಡವ್ವನ ಮುಖ ನೋಡಿದೆನಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೆ. ಅವರು ವ್ಯಾನನ್ನು ನೋಡುತ್ತಿರಲಿಲ್ಲ, ಮಗುವನ್ನೂ ನೋಡುತ್ತಿರಲಿಲ್ಲ. ತಮ್ಮ ಎಡಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು.

“ದೊಡ್ಡವ್ವಾ, ಏನಾಯ್ತು? ಕೈ ತೋರ್ಸಿ.”

“ಏನಿಲ್ಲ. ಜೋಮು ಹಿಡದಿತ್ತು. ನೀ ಕಾಲೇಜಿಗಿ ನಡಿ.”

“ಬೆರಳು ಯಾಕೆ ಹೀಗೆ ನೀಲಿ ಆಗಿದೆ?”

“ಥಂಡಿ ಇಲ್ಲೇನು? ನಡಿ ಅಂದ್ನೆಲ್ಲ!”

ಥಂಡಿಯಿರಲಿಲ್ಲ. ನಾನೇ ಜಾಕೆಟ್ ಹಾಕಿರಲಿಲ್ಲ.

ಸಂಜೆ ಮನೆಯಲ್ಲಿ ನೋಡಿದಾಗಲೂ ಉಂಗುರದ ಬೆರಳಿನ ತುದಿ ಹಾಗೇ ಇತ್ತು, ಶಾಯಿ ತಾಗಿದ ಹಾಗೆ. ದೊಡ್ಡಪ್ಪ ಟೀವಿಯಿಂದ ಕಣ್ಣು ತೆಗೆಯದೆ, “ಮತ್ತ ಫ್ರೀಜರಿನ್ಯಾಗ ಕೈ ಹಾಕಿ ಬಟಾಣಿ ಹುಡಿಕಿರಬೇಕು” ಅಂದರು. ದೊಡ್ಡವ್ವ ನಗಲಿಲ್ಲ. ಸಾಮಾನ್ಯವಾಗಿ ಇಂಥ ಮಾತಿಗೆ ಅವರು ಎರಡು ಮಾತು ಜಾಸ್ತಿಯೇ ವಾಪಸ್ ಕೊಡುತ್ತಿದ್ದರು.

ನಾನು ಬಿಡಲಿಲ್ಲ, ಇಲ್ಲಿ ಜಿಪಿ ಅನ್ನುವ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಎಳೆದುಕೊಂಡೇ ಹೋದೆ. ಜಿಪಿ ಮಣಿಕಟ್ಟು ಹಿಡಿದು ನೋಡಿದರು, ನಾಡಿ ಚೆನ್ನಾಗಿದೆ ಅಂದರು. ಆದರೆ ಬೆರಳಿನ ತುದಿಯನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು. ನಿಂತು ನಿಂತು ಮೀನಖಂಡ ನೋಯುತ್ತದೆಯೇ ಎಂದು ಕೇಳಿದರು, ಹೌದು ಅಂದರು ದೊಡ್ಡವ್ವ. ಕೈ ಕಾಲು ಎರಡರ ರಕ್ತನಾಳಗಳನ್ನೂ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸೋಣ, ಬೇಗ, ಅಲ್ಲಿಯವರೆಗೆ ರಸ್ತೆಯ ಕೆಲಸ ಬೇಡ ಅಂದರು. ‘ಬೇಗ’ ಎನ್ನುವ ಮಾತನ್ನು ಅವರು ಒತ್ತಿ ಹೇಳಿದರು. ಬೇರೆ ಏನಾದರೂ ಹೇಳುವುದಿದೆಯೇ ಎಂದು ಜಿಪಿ ಕೇಳಿದಾಗ ದೊಡ್ಡವ್ವ ಎದೆಯ ಮೇಲಿನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು “ನೋ ಡಾಕ್ಟರ್, ಆಲ್ ಫೈನ್” ಅಂದುಬಿಟ್ಟರು.

ಸೆರಗಿನ ಕೆಳಗೆ ಇದ್ದದ್ದು ಬೆಳ್ಳಿಯ ಕರಡಿಗೆ. ಲಿಂಗಾಯತರಾದ ಅವರಿಗೆ ಕರಡಿಗೆಯೊಳಗಿನ ಇಷ್ಟಲಿಂಗವೇ ದೇವರು. ಹುಟ್ಟಿದಾಗ ಕೊರಳಿಗೆ ಕಟ್ಟಿದ್ದು, ಸ್ನಾನದಲ್ಲೂ ನಿದ್ದೆಯಲ್ಲೂ ಮೈ ಬಿಟ್ಟು ಹೋಗಬಾರದು. ದೊಡ್ಡವ್ವ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿ ಕೂರುತ್ತಿದ್ದರು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂತರೆ ಟೋಸ್ಟರ್‌ನಲ್ಲಿ ನನ್ನ ಬ್ರೆಡ್ಡು ಸುಟ್ಟರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಇತ್ತೀಚೆಗೆ ಮಾತ್ರ ಕರಡಿಗೆಯನ್ನು ತೆರೆಯದೆ ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದರು. ತಡವಾಗಿ ಏಳುವ ದೊಡ್ಡಪ್ಪನಿಗೆ ಇದು ಕಂಡಿರಲಿಲ್ಲ. ನನಗೆ ಕಂಡಿತ್ತು, ಅವಸರ ಇರಬೇಕು ಅಂದುಕೊಂಡಿದ್ದೆ.

ಸ್ಕ್ಯಾನಿನ ದಿನ ಹತ್ತಿರ ಬಂದ ಹಾಗೆ ಮನೆಯಲ್ಲಿ ಇನ್ನೊಂದು ವಿಚಿತ್ರ ಶುರುವಾಯಿತು. ಕಾಲೇಜಿನಿಂದ ಬಂದರೆ ದೊಡ್ಡಪ್ಪ ಹಿಟ್ಟಿನಲ್ಲಿ ಮೊಣಕೈವರೆಗೆ ಮುಳುಗಿದ್ದರು, ದೊಡ್ಡವ್ವ ಪಕ್ಕದಲ್ಲಿ ನಿಂತಿದ್ದರು.

“ಕುದಿನೀರು ಹಾಕ್ರಿ. ಹಾಂ, ನಾದ್ರಿ ಈಗ. ಅಂಜಬ್ಯಾಡ್ರಿ, ಹಿಟ್ಟು ಕಡಿಯೂದಿಲ್ಲ.”

“ಏ ಪಾರ್ವತಿ, ಹುಟ್ಟಿದಾಗಿಂದ ಬಡಿಲಾರದ ರೊಟ್ಟಿ ಈಗ್ಯಾಕ ಬಡೀಲಿ? ವಿಮಾನದಾಗಿನ ಮಂದಿಗೆಲ್ಲಾ ಉಣಿಸೇನಿ, ಇನ್ನ ಸಾಕು.”

“ಅಲ್ಲಿ ಬರೇ ಡಬ್ಬಿಗಿ ಮುಚ್ಚಳ ಹಾಕತಿದ್ರಿ, ನನಗ ಗೊತ್ತೈತಿ. ಬಡೀರಿ.” ಆಮೇಲೆ ಬಗ್ಗಿ ನೋಡಿದರು. “ಇದೇನ್ರಿ, ರೊಟ್ಟಿಯೋ ಕರ್ನಾಟಕದ ನಕಾಶಿಯೋ? ಬೀದರ ಭಾಳ ಉದ್ದ ಆತು.”

ನಾನೂ ದೊಡ್ಡಪ್ಪನೂ ನಕ್ಕು ನಕ್ಕು ಸುಸ್ತಾದೆವು. ನಗು ನಿಂತ ಮೇಲೆ ದೊಡ್ಡಪ್ಪ ಕೇಳಿದರು, “ಖರೇ ಹೇಳು, ನೀ ಎಲ್ಲಿ ಹೊಂಟೀದಿ?”

“ಎಲ್ಲೂ ಇಲ್ಲ. ಸುಮ್ನ ಕಲೀರಿ.”

ಆ ‘ಎಲ್ಲೂ ಇಲ್ಲ’ ಕೇಳಿ ನನಗೆ ನಗು ಹಾರಿಹೋಯಿತು. ಹೋಗುವವರು ಹಿಂದೆ ಉಳಿಯುವವರಿಗೆ ಮನೆ ಒಪ್ಪಿಸುವ ಧ್ವನಿ ಅದು. ಬೆರಳು ನೀಲಿಯಾದದ್ದಕ್ಕೆ ಗಂಡನಿಗೆ ರೊಟ್ಟಿ ಕಲಿಸುವವರು ಯಾರಾದರೂ ಇದ್ದಾರೆಯೇ? ಅವರಿಗೆ ಏನೋ ಗೊತ್ತಿದೆ, ನಮಗೆ ಹೇಳುತ್ತಿಲ್ಲ ಅನಿಸಿತು.

ಆಸ್ಪತ್ರೆಗೆ ದೊಡ್ಡಪ್ಪ ಬರುತ್ತೇನೆಂದರೂ ಬೇಡವೆಂದು ನನ್ನನ್ನೇ ಕರೆದುಕೊಂಡು ಹೋದರು. ಕಾಯುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಸಿಗರೇಟು ಬಿಡಿ ಎನ್ನುವ ಪೋಸ್ಟರು, ಎದುರಿಗೆ ಒಂದು ಕಾಲಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡ ಮುದುಕ. ದೊಡ್ಡವ್ವ ಅವನ ಕಾಲನ್ನೇ ನೋಡುತ್ತ ಕೂತಿದ್ದರು. ಅವರ ಎಡಗೈಯನ್ನು ನಾನು ಹಿಡಿದಿದ್ದೆ. ಬಲಗೈಗಿಂತ ತಣ್ಣಗಿತ್ತು.

“ಗಾರ್ಗಿ, ಒಳಗ ಏನರ ಹೇಳಿದ್ರ ನೀ ದೊಡ್ಡಪ್ಪಗ ಹೇಳಬಾರ್ದು.”

“ಅಯ್ಯೋ ದೊಡ್ಡವ್ವಾ, ಬರೀ ಸ್ಕ್ಯಾನ್ ಅಲ್ವಾ? ಪ್ರೆಗ್ನೆಂಟ್ ಲೇಡೀಸ್‌ಗೆ ಮಾಡ್ತಾರಲ್ಲ, ಅದೇ ಮಷೀನು. ಸೂಜಿ ಇಲ್ಲ, ಏನಿಲ್ಲ. ನೋವೇ ಆಗಲ್ಲ.”

“ನೋವಿಗಿ ಯಾರ್ ಅಂಜತಾರ, ಹುಚ್ಚಿ.” ಆಮೇಲೆ ತುಟಿ ಅಲ್ಲಾಡಿಸದೆ ಅಂದರು, “ನನ್ನ ಲಿಂಗಪ್ಪ ಬಿದ್ದಾನ.”

ನನಗೆ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು.

“ಪೂಜಿಗಿ ಕುಂತಿದ್ನಿ. ಅಂಗೈ ಮ್ಯಾಲೆ ಇಟ್ಕೊಂಡು ಎತ್ತಿ ನೋಡಾಕತ್ತಿದ್ನಿ. ನೋಡ್ತಾ ನೋಡ್ತಾ ಭಾರ ಆದ. ಕಲ್ಲಿನಂಗ, ಆಮ್ಯಾಲೆ ಗುಡ್ಡದಂಗ. ಕೈ ಹೋತು. ಟೈಲ್ಸ್ ಮ್ಯಾಲೆ ಟಕ್ ಅಂದ ನೋಡು, ಆ ಸಪ್ಪಳ ಈಗೂ ಕಿವ್ಯಾಗ ಐತಿ. ಮರುದಿನ ಎತ್ತಿದ್ನಿ, ಮತ್ತ ಹಂಗ ಭಾರ. ಅಂವಗ ನನ್ನ ಕೈ ಬ್ಯಾಡಾಗೈತಿ, ಗಾರ್ಗಿ. ನಮ್ಮ ಆಯಿ ಹೇಳತಿದ್ಲು, ಲಿಂಗ ಬಿದ್ದ ಮ್ಯಾಲೆ ಆ ಮನಷ್ಯಾ ಭಾಳ ದಿನ ಉಳಿಯೂದಿಲ್ಲ ಅಂತ. ಅಕಿ ಕಂಡಿದ್ಲಂತ ಅಂಥವರನ್ನ.”

“ದೊಡ್ಡವ್ವಾ...”

“ಉಳೀಲಿಲ್ಲಂದ್ರ ಉಳೀಲಿಲ್ಲ, ನನ್ನ ವಯಸ್ಸಾತು. ಆದ್ರ ಆ ಕೂಸು? ನನ್ನ ಪಾಪಕ್ಕ ಅದು ಹೋಗತಿತ್ತಲ್ಲ!”

“ಇದನ್ನ ಡಾಕ್ಟರ್‌ಗೆ ಯಾಕೆ ಹೇಳ್ಲಿಲ್ಲ ನೀವು? ಪೂಜೆ ಮಾಡುವಾಗ ಕೈ ಹೋಗುತ್ತೆ ಅಂತ?”

“ಏನಂತ ಹೇಳ್ಲಿ? ಮೈ ಗಾಡ್ ಈಸ್ ವೆರಿ ಹೆವಿ ಅನ್ಲೇನು? ಅವರು ಹುಚ್ಚರ ವಾರ್ಡಿಗಿ ಕಳಸತಾರ.”

ಅವರು ಲಿಂಗವನ್ನು ಬೀಳಿಸಿದ ಭಯವನ್ನು ಒಬ್ಬರೇ ಹೊತ್ತುಕೊಂಡು ದಿನಾ ಹಳದಿ ಕೋಟು ಹಾಕಿ ರಸ್ತೆಗೆ ಹೋಗಿದ್ದರು. ದೊಡ್ಡಪ್ಪನಿಗೆ ಹೇಳಿದರೆ ಅವರು ಹೆದರಿ ಸಿಂದಗಿಗೆಲ್ಲ ಫೋನು ಮಾಡುತ್ತಾರೆ, ಆಮೇಲೆ ಇಡೀ ಬಳಗ ತಮ್ಮ ಸಾವಿಗಾಗಿ ಕಾಯುತ್ತದೆ ಅನ್ನುವ ಲೆಕ್ಕ ಅವರದು. ಇದೆಲ್ಲ ಬರೀ ನಂಬಿಕೆ ಎಂದು ನಾನು ಸಮಾಧಾನ ಹೇಳುವ ಹಾಗೂ ಇರಲಿಲ್ಲ. ಯಾಕೆಂದರೆ ನನ್ನ ಕೈಯಲ್ಲಿದ್ದ ಅವರ ಕೈ ನಿಜವಾಗಿಯೂ ತಣ್ಣಗಿತ್ತು, ಬೆರಳು ನಿಜವಾಗಿಯೂ ನೀಲಿಯಾಗಿತ್ತು. ಅಷ್ಟರಲ್ಲಿ “ಮಿಸೆಸ್ ಬಿರಾಡರ್?” ಎಂದು ಒಳಗಿನಿಂದ ಕರೆದರು. ಬಿರಾದಾರ ಎನ್ನುವ ಅವರ ಅಡ್ಡಹೆಸರು ಇಲ್ಲಿ ಹಾಗೇ ಆಗುತ್ತದೆ.

ಸ್ಕ್ಯಾನ್ ಮಾಡುವವರ ಹೆಸರು ಗ್ರೇಸ್. ಘಾನಾ ಮೂಲದವರು, ದಪ್ಪ ಕನ್ನಡಕ, ಮೆತ್ತನೆ ಮಾತು. ಕೋಣೆಯ ದೀಪ ತಗ್ಗಿಸಿ, ತಲೆಯ ಕಡೆ ಸ್ವಲ್ಪ ಎತ್ತರಿಸಿದ ಮಂಚದ ಮೇಲೆ ದೊಡ್ಡವ್ವನನ್ನು ಮಲಗಿಸಿ, ಕಾಲಿಗೆ ಜೆಲ್ ಹಚ್ಚಿದರು.

“ಏ ಯವ್ವಾ, ಥಂಡಿ!”

“ಸಾರಿ ಮೈ ಲವ್.” ಗ್ರೇಸ್ ಸಾಬೂನಿನಷ್ಟು ದಪ್ಪದ ಉಪಕರಣವನ್ನು ಕಾಲಿನ ಮೇಲೆ ಒತ್ತಿ ಜಾರಿಸುತ್ತ ಹೋದರು. ಪರದೆಯ ಮೇಲೆ ಬೂದು ಬಣ್ಣದ ಮೋಡಗಳು, ಅವುಗಳ ನಡುವೆ ಕೆಂಪು ನೀಲಿ ಹೊಳೆಗಳು. ಒಂದು ಗುಂಡಿ ಒತ್ತಿದಾಗ ಕೋಣೆಯ ತುಂಬ ಸದ್ದು ತುಂಬಿತು. ಹುಶ್ಶ್, ಹುಶ್ಶ್, ಹುಶ್ಶ್.

“ಇದೇನು, ನನ್ನ ರಕ್ತ ಏನು?” ದೊಡ್ಡವ್ವ ತಲೆ ಎತ್ತಿದರು. “ಥೇಟ್ ನಮ್ಮೂರ ಹಿಟ್ಟಿನ ಗಿರಣಿ ಸಪ್ಪಳ.”

ನಾನು ಅನುವಾದ ಮಾಡಿದೆ, ಗ್ರೇಸ್ ನಕ್ಕರು. ಕಾಲುಗಳಿಗೆ ಏನೂ ಆಗಿಲ್ಲ ಅಂದರು, ನಿಲ್ಲುವ ಕೆಲಸದಿಂದ ಒಂದೆರಡು ಸಿರೆ ಉಬ್ಬಿವೆ ಅಷ್ಟೇ. ಆಮೇಲೆ ಬಲಗೈ, ಆಮೇಲೆ ಎಡಗೈ. ಎಡಗೈಯನ್ನು ಮೈ ಪಕ್ಕದಲ್ಲಿ ಚಾಚಿ ಮಲಗಿಸಿ ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಮೇಲಕ್ಕೆ ನೋಡಿದರು. ಹುಶ್ಶ್, ಹುಶ್ಶ್. ಎಲ್ಲ ಕಡೆ ಗಿರಣಿ ನಡೆಯುತ್ತಲೇ ಇತ್ತು. “ಎಲ್ಲಾ ಚೆನ್ನಾಗಿ ಹರಿಯುತ್ತಿದೆ” ಅಂದರು. ನನಗೆ ಖುಷಿಯಾಗಬೇಕಿತ್ತು. ದೊಡ್ಡವ್ವ ನನ್ನ ಕಡೆ ತಿರುಗಿ ಹಗುರಾಗಿ ತಲೆಯಾಡಿಸಿದರು. ನೋಡಿದೆಯಾ, ಇದು ಮೈಯ ರೋಗವಲ್ಲ, ಮಷೀನಿಗೆ ಸಿಗುವಂಥದ್ದಲ್ಲ ಎನ್ನುವ ಹಾಗೆ. ಅವರ ಲೆಕ್ಕ ನನಗೆ ಅರ್ಥವಾಯಿತು. ಸ್ಕ್ಯಾನು ಸರಿ ಇದ್ದರೆ ಇವರಿಗೆ ಸಾವು ಖಚಿತ!

“ಇನ್ನು ಭುಜದ ಹತ್ತಿರ ಮಾತ್ರ ಬಾಕಿ” ಅಂದರು ಗ್ರೇಸ್. “ಈ ಸರ ತೆಗೆದಿಡಬಹುದಾ? ಅಡ್ಡ ಬರುತ್ತಿದೆ.”

ಅವರ ಕೈ ಕರಡಿಗೆಯ ಹತ್ತಿರ ಬಂದದ್ದೇ ತಡ, ದೊಡ್ಡವ್ವ ಮಂಚದಿಂದ ಅರ್ಧ ಎದ್ದು ಬಲಗೈಯಿಂದ ಕರಡಿಗೆಯನ್ನು ಮುಚ್ಚಿಕೊಂಡರು. “ನೋ! ನೋ ಟಚ್! ಗಾರ್ಗಿ, ಹೇಳ ಅಕಿಗಿ! ಸಾಯೂತನಕ ಮೈ ಬಿಡೂದಿಲ್ಲ ಅಂತ ಹೇಳು!”

ನಾನು ತೊದಲುತ್ತ ಹೇಳಿದೆ. ಇದು ಸರವಲ್ಲ, ಇದು ಅವರ ದೇವರು, ಮೈಯಿಂದ ದೂರ ಇಡುವ ಹಾಗಿಲ್ಲ. ಗ್ರೇಸ್ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ಸಾರಿ, ತಪ್ಪಾಯಿತು. ದೂರ ಇಡುವುದು ಬೇಡ. ಅವರ ಕೈಯಲ್ಲೇ ಹಿಡಿದುಕೊಳ್ಳಲಿ, ನನಗೆ ಇಲ್ಲಿ ಇಷ್ಟು ಜಾಗ ಸಿಕ್ಕರೆ ಸಾಕು” ಅಂದರು. ಉಪಕರಣವನ್ನು ಎಡ ಕೊರಳ ಮೂಳೆಯ ಕೆಳಗೆ, ಕಂಕುಳಿನ ಹತ್ತಿರ ಇಟ್ಟರು. ಹುಶ್ಶ್, ಹುಶ್ಶ್.

ದೊಡ್ಡವ್ವ ಕರಡಿಗೆ ತೆರೆದರು. ಯಾಕೆ ತೆರೆದರೋ ಅವರಿಗೂ ಗೊತ್ತಿರಲಿಕ್ಕಿಲ್ಲ, ಕೈಗೆ ಬಂದರೆ ತೆರೆಯುವುದು ಎಷ್ಟೋ ವರ್ಷಗಳ ರೂಢಿ. ಕಪ್ಪಗೆ ಹೊಳೆಯುವ ಲಿಂಗವನ್ನು ಎಡ ಅಂಗೈಗೆ ಇಟ್ಟುಕೊಂಡರು. ಅಂಗೈ ತಾನಾಗಿಯೇ ಮೇಲೆದ್ದಿತು. ಮೊಣಕೈ ಪಕ್ಕಕ್ಕೆ ಸರಿಯಿತು, ಲಿಂಗ ಕಣ್ಣಿನ ಮಟ್ಟಕ್ಕೆ ಬಂತು.

ಹುಶ್ಶ್ ಎನ್ನುತ್ತಿದ್ದ ಸದ್ದು ಸಣ್ಣಗಾಯಿತು. ಕುಕ್ಕರಿನ ಹಬೆಯ ಹಾಗೆ ಕೀರಲಾಯಿತು. ಆಮೇಲೆ ನಿಂತುಹೋಯಿತು.

ಏನೂ ಇಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಪರದೆಯ ಮೇಲಿನ ಕೆಂಪು ಹೊಳೆ ಬತ್ತಿಹೋಗಿತ್ತು. ನನ್ನ ಕಣ್ಣೆದುರೇ ಅವರ ಅಂಗೈ ಸುಣ್ಣದ ಹಾಗೆ ಬೆಳ್ಳಗಾಯಿತು.

“ಹೋತು” ಅಂದರು ದೊಡ್ಡವ್ವ. “ಹೇಳಲಿಲ್ಲಾ ನಿನಗ? ನನ್ನ ಜೀವಾ ತಗೊಂಡ.”

ಕೈ ವಾಲತೊಡಗಿತು, ನಾನು ಓಡಿಹೋಗಿ ಆ ಕೈಯನ್ನೂ ಅದರ ಮೇಲಿದ್ದದ್ದನ್ನೂ ನನ್ನ ಎರಡೂ ಕೈಗಳಲ್ಲಿ ಹಿಡಿದೆ. ಮುಟ್ಟಬಹುದೋ ಬಾರದೋ, ಅದೆಲ್ಲ ಹೊಳೆಯಲೇ ಇಲ್ಲ. ಕೈ ಕೆಳಗಿಳಿಯಿತು. ಹುಶ್ಶ್ ಎಂದು ಸದ್ದು ಧಡಕ್ಕನೆ ವಾಪಸ್ ಬಂತು.

ಗ್ರೇಸ್ ಕುರ್ಚಿಯ ತುದಿಗೆ ಬಂದು ಕೂತಿದ್ದರು. “ಇನ್ನೊಂದು ಸಲ” ಅಂದರು. ಮೆತ್ತನೆ ಮಾತು ಈಗ ಗಟ್ಟಿಯಾಗಿತ್ತು. “ಪ್ಲೀಸ್, ಅದೇ ಥರ.”

“ಒಲ್ಲೆ” ಅಂದರು ದೊಡ್ಡವ್ವ. ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. “ನನ್ನ ಮನಿಗಿ ಕರಕೊಂಡು ನಡಿ, ಗಾರ್ಗಿ. ಗಂಡನ ಮುಂದ ಸಾಯ್ತೀನಿ.”

“ಆ ಕೈಯಲ್ಲಿ ಏನೂ ಇಲ್ಲದೆ ಮಾಡಲಿ” ಅಂದರು ಗ್ರೇಸ್. “ಖಾಲಿ ಕೈ. ಅವರ ದೇವರು ಬಲಗೈಯಲ್ಲಿರಲಿ.”

ನಾನು ಅದನ್ನು ಕನ್ನಡದಲ್ಲಿ ಹೇಳುತ್ತ ಹೇಳುತ್ತಲೇ ಅದರ ಅರ್ಥ ನನಗೇ ಹೊಳೆಯಿತು, ಮಾತುಗಳು ಅವಸರಕ್ಕೆ ಒಂದರ ಮೇಲೊಂದು ಬಿದ್ದವು. “ದೊಡ್ಡವ್ವಾ, ಕೇಳಿ, ಲಿಂಗಾನ ಬಲಗೈಗೆ ತಗೊಳ್ಳಿ. ಎಡಗೈ ಖಾಲಿ ಎತ್ತಿ. ಅವನೇ ತಗೋತಿದ್ರೆ ಖಾಲಿ ಕೈಯಲ್ಲಿ ಸದ್ದು ನಿಲ್ಲಬಾರದು ಅಲ್ವಾ? ನೋಡೋಣ. ಒಂದೇ ಸಲ. ನಾನು ಹಿಡ್ಕೊಂಡಿರ್ತೀನಿ.”

ಸಾಯುವುದಕ್ಕಿಂತ ಈ ಪರೀಕ್ಷೆಗೇ ಅವರು ಹೆಚ್ಚು ಹೆದರಿದ್ದರೆಂದು ಕಾಣುತ್ತಿತ್ತು. ಆಮೇಲೆ ಲಿಂಗವನ್ನು ಬಲಗೈಗೆ ದಾಟಿಸಿ ಎದೆಗೊತ್ತಿಕೊಂಡರು. ಎಡಗೈಯನ್ನು, ಏನೂ ಇಲ್ಲದ ಕೈಯನ್ನು, ರಸ್ತೆಯ ಮೇಲೆ ವ್ಯಾನು ನಿಲ್ಲಿಸುವ ಹಾಗೆ ಮೆಲ್ಲಗೆ ಎತ್ತಿ ಪಕ್ಕಕ್ಕೆ ಚಾಚಿದರು.

ಹುಶ್ಶ್. ಹುಶ್. ಕೀಈ. ಮತ್ತೆ ಏನೂ ಇಲ್ಲ.

“ಈಗ ಬಲಗೈ” ಅಂದರು ಗ್ರೇಸ್, ಉಪಕರಣವನ್ನು ಆ ಕಡೆ ಹಿಡಿದು. ದೊಡ್ಡವ್ವ ಲಿಂಗವಿದ್ದ ಬಲಗೈಯನ್ನು ಎತ್ತಿದರು, ಕಣ್ಣು ಮುಚ್ಚಿಕೊಂಡು. ಗಿರಣಿ ನಡೆಯುತ್ತಲೇ ಇತ್ತು. ಹುಶ್ಶ್, ಹುಶ್ಶ್, ಹುಶ್ಶ್. ಇನ್ನೂ ಮೇಲೆತ್ತಿದರು. ಹುಶ್ಶ್, ಹುಶ್ಶ್. ಕಣ್ಣು ತೆರೆದರು. ಲಿಂಗವನ್ನೊಮ್ಮೆ ನೋಡಿದರು, ಪರದೆಯನ್ನೊಮ್ಮೆ ನೋಡಿದರು.

“ಭಾರ ಇಲ್ಲ” ಅಂದರು. ಅಷ್ಟೇ ಅಂದದ್ದು. ಆಮೇಲೆ ಎಷ್ಟು ಅತ್ತರೆಂದರೆ ಗ್ರೇಸ್ ಜೆಲ್ ಒರೆಸಲು ಇಟ್ಟ ಕಾಗದದ ಉರುಳೆಯನ್ನೇ ಅವರ ಕೈಗೆ ಕೊಟ್ಟುಬಿಟ್ಟರು. ನಾನೂ ಅದರಲ್ಲೇ ಮೂಗು ಒರೆಸಿಕೊಂಡೆ.

ಭಯ ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಮುಗಿಯಲಿಲ್ಲ, ಬೇರೆ ವೇಷ ಹಾಕಿಕೊಂಡು ಬಂತು. ಗ್ರೇಸ್ ಮತ್ತೆ ಕೊರಳ ಬುಡದಲ್ಲಿ ಬಹಳ ಹೊತ್ತು ನೋಡಿದರು, ಈಗ ನಗುತ್ತಿರಲಿಲ್ಲ. ಡಾಕ್ಟರನ್ನು ಕರೆದರು. ಡಾಕ್ಟರು ಎಕ್ಸ್‌ರೇ ಮಾಡಿಸಿ ಬಂದು ನಮ್ಮ ಎದುರಿಗೆ ಕೂತರು. ದೊಡ್ಡವ್ವನ ಕೊರಳ ಬುಡದಲ್ಲಿ, ಎಡಗಡೆ, ಹುಟ್ಟಿನಿಂದಲೇ ಒಂದು ಪಕ್ಕೆಲುಬು ಹೆಚ್ಚಿಗೆ ಇದೆಯಂತೆ. ಕೈ ಎತ್ತಿದಾಗಲೆಲ್ಲ ಅದು ಕೈಗೆ ಹೋಗುವ ರಕ್ತನಾಳವನ್ನು ಹಿಂಡುತ್ತದಂತೆ. ಪೂಜೆಯಲ್ಲಿ ಎತ್ತಿ, ರಸ್ತೆಯಲ್ಲಿ ಎತ್ತಿ, ಇಷ್ಟು ವರ್ಷ ಹಿಂಡಿಸಿಕೊಂಡು ನಾಳದ ಗೋಡೆ ಅಲ್ಲಿ ಉಬ್ಬಿದೆ. ಅಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರೊಂದು ಬೆರಳಿಗೆ ಹೋಗಿ ಕೂತಿದೆ. ಇನ್ನೊಂದು ದೊಡ್ಡ ಚೂರು ಹೋದರೆ ಕೈಯೇ ಹೋಗಬಹುದು. ಇವತ್ತಿನಿಂದಲೇ ರಕ್ತ ತೆಳುವಾಗುವ ಗುಳಿಗೆ, ಆಮೇಲೆ ಆಪರೇಷನ್. ಎಡಗೈಯನ್ನು ಭುಜದ ಮಟ್ಟದವರೆಗೂ ಎತ್ತಲೇಬಾರದು.

ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತರುತ್ತಿದ್ದೆ. ದೊಡ್ಡವ್ವ ಪೂರ್ತಿ ಕೇಳಿಸಿಕೊಂಡು ತಮ್ಮ ಕುತ್ತಿಗೆಯನ್ನು ಮುಟ್ಟಿ ನೋಡಿಕೊಂಡರು.

“ನಮ್ಮ ಅತ್ತಿ ಸಾಯೂತನಕ ಬೈದ್ಲು, ಇಕಿ ಕುತ್ತಿಗಿ ಯಾರ ಮುಂದೂ ಬಗ್ಗೂದಿಲ್ಲ ಅಂತ. ಎಲಬ ಇತ್ತಂತ ಒಳಗ. ಪಾಪ, ಅಕಿಗರ ಹ್ಯಾಂಗ್ ತಿಳೀಬೇಕು.”

ಮನೆಗೆ ಬಂದಾಗ ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದರು, ಅಂಗಿಯ ಮೇಲೆಲ್ಲ ಜೋಳದ ಹಿಟ್ಟು. ದೊಡ್ಡವ್ವ ಚಪ್ಪಲಿ ಕೂಡ ಬಿಡದೆ ಎಲ್ಲವನ್ನೂ ಹೇಳಿಬಿಟ್ಟರು. ಲಿಂಗ ಬಿದ್ದದ್ದು, ರಸ್ತೆಯಲ್ಲಿ ಕೈ ಬಿದ್ದದ್ದು, ಎಲುಬು, ಆಪರೇಷನ್ನು. ಹೇಳಿ ತಲೆ ತಗ್ಗಿಸಿ ನಿಂತರು. ದೊಡ್ಡಪ್ಪ ಕಿರುಚುತ್ತಾರೆ, ಈಗಲೇ ಸಿಂದಗಿಗೆ ಫೋನು ಹೋಗುತ್ತದೆ ಎಂದು ನಾನು ಅಂದುಕೊಂಡೆ.

ಅವರು ಕಿರುಚಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, “ನಂದೂ ಬಿದ್ದಿತ್ತು” ಅಂದರು.

“ಏನು?”

“ಕೆಲಸದಾಗಿದ್ದಾಗ. ಬಗ್ಗಿ ಟ್ರೇ ಎತ್ತೂ ಮುಂದ ಕೊರಳಾಗಿನ ಶಿವದಾರ ಹರೀತು. ಕಸ್ಟರ್ಡಿನ ಪಾತೇಲಿ ಒಳಗ ಹೋತು.”

“ಕಸ್ಟರ್ಡಿನ್ಯಾಗ!” ದೊಡ್ಡವ್ವನ ಧ್ವನಿ ಛಾವಣಿಗೆ ಮುಟ್ಟಿತು. “ನನಗ ಯಾಕ ಹೇಳಲಿಲ್ರಿ?”

“ನೀ ಅಂಜತಿ ಅಂತ.”

“ನಾ ನಿಮಗ ಯಾಕ ಹೇಳಲಿಲ್ಲಂದ್ರ ನೀವು ಅಂಜತೀರಿ ಅಂತ!”

“ಮತ್ತ ನಾ ಇನ್ನೂ ಸತ್ತಿಲ್ಲಲ್ಲ? ಈ ದೇಶದಾಗ ಪ್ರಧಾನಿ ಎಷ್ಟ ಮಂದಿ ಬದಲಾದ್ರು, ನಾ ಇಲ್ಲೇ ಅದೇನಿ.” ಹಾಗೆಂದರು, ಆದರೆ ದೊಡ್ಡವ್ವನ ಎಡಗೈಯನ್ನು ಹಿಡಿದು ಆ ನೀಲಿ ಬೆರಳನ್ನು ತಮ್ಮ ಹಿಟ್ಟಿನ ಅಂಗೈಯಲ್ಲಿ ಮುಚ್ಚಿಕೊಂಡವರು ಬಿಡಲೇ ಇಲ್ಲ. “ಆಪರೇಷನ್ ಯಾವಾಗ?” ಎಂದು ನನ್ನನ್ನು ಕೇಳಿದರು. ನಾನು ಬೇಗ ಎಂದೆ, ಜಿಪಿ ಹೇಳಿದ ಅದೇ ಧ್ವನಿಯಲ್ಲಿ.

ಮರುದಿನ ಬೆಳಿಗ್ಗೆ ನಾನು ಬ್ರೆಡ್ಡು ಟೋಸ್ಟರಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದೆ. ದೊಡ್ಡವ್ವ ಮಣೆಯ ಮೇಲೆ ಕೂತು ಕರಡಿಗೆ ತೆರೆದರು. ಲಿಂಗವನ್ನು ಎಡ ಅಂಗೈಗೆ ಇಟ್ಟುಕೊಂಡರು. ಕೈ ಹಳೆಯ ರೂಢಿಯಂತೆ ಮೇಲೇಳಲು ಹೋಯಿತು. ನಾನು ಕೂಗಬೇಕು ಅನ್ನುವಷ್ಟರಲ್ಲಿ ಅವರೇ ತಡೆದು ಕೈಯನ್ನು ತೊಡೆಯ ಮೇಲೆ ಇಳಿಸಿದರು. ಆಮೇಲೆ ಬೆನ್ನು ಬಗ್ಗಿಸಿ, ಅತ್ತೆಯ ಮುಂದೆ ಎಂದೂ ಬಗ್ಗದ ಆ ಕುತ್ತಿಗೆಯನ್ನು ಬಗ್ಗಿಸಿ, ಅಂಗೈಯಲ್ಲಿದ್ದದ್ದನ್ನು ಹತ್ತಿರದಿಂದ ನೋಡುತ್ತ ಕೂತರು.

ನೋಡುತ್ತಲೇ ಇದ್ದರು. ಬ್ರೆಡ್ಡು ಸುಟ್ಟಿತು. ಬಹಳ ಹೊತ್ತಿನ ಮೇಲೆ, ತಲೆ ಎತ್ತದೆ, ನನ್ನನ್ನು ಕರೆದರು.

“ಗಾರ್ಗಿ, ಇಲ್ಲಿ ಬಾ. ಆ ಜಿಪಿ ಹಿಡದು ನೋಡಿದಂಗ ಮಣಿಕಟ್ಟು ಹಿಡಿ. ನಾಡಿ ಐತೇನು ನೋಡು.”

ಮಂಡಿಯೂರಿ ಕೂತು ಲಿಂಗಕ್ಕೆ ತಾಗದಂತೆ ಎರಡು ಬೆರಳು ಇಟ್ಟೆ. ಏನೂ ಸಿಗಲಿಲ್ಲ. ಬೆರಳು ಸ್ವಲ್ಪ ಸರಿಸಿದೆ, ಏನೂ ಇಲ್ಲ. ಕಿವಿಯಲ್ಲಿ ನನ್ನದೇ ಎದೆ ಬಡಿದುಕೊಳ್ಳುತ್ತಿತ್ತು, ಅದನ್ನು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ದೊಡ್ಡವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ಹೆಬ್ಬೆರಳಿನ ಬುಡದ ಕಡೆ ಇನ್ನೊಂದು ಕೂದಲಿನಷ್ಟು ಸರಿಸಿ, ಮೆಲ್ಲಗೆ ಒತ್ತಿದೆ. ಅಲ್ಲಿತ್ತು, ಚಿಕ್ಕದಾಗಿ, ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ.

“ಇದೆ ದೊಡ್ಡವ್ವಾ! ಇದೆ, ಇದೆ!”

“ಹಂಗಾದ್ರ ಬಿಡಬ್ಯಾಡ” ಅಂದರು ದೊಡ್ಡವ್ವ. “ಪೂಜಿ ಮುಗಿಯೂತನಕ ಹಂಗ ಹಿಡ್ಕೊಂಡಿರು.”